ವಿಭೂತಿ ಹಚ್ಚಿದ ದಾರಿ ಡಬ್ಬಿ

ಸುಡು ಮಧ್ಯಾಹ್ನ, ಭೀಮರಾಯನಗುಡಿ ದಾಟಿದ ಮೇಲೆ, ಬೈಕಿಗೆ ಸಿಕ್ಕಿಸಿದ್ದ ಫೋನು ಬಿಸಿಲಿಗೆ ಕಾದು ಬಂದಾಯಿತು. ದಾರಿ ತೋರಿಸುತ್ತಿದ್ದುದು ಅದೇ. ಸುರಪುರದ ಕಡೆಯ ಹೊಲವೊಂದರಲ್ಲಿ ಎಮ್ಮೆಯ ಹೊಟ್ಟೆಯೊಳಗೆ ಕರು ಅಡ್ಡ ಸಿಕ್ಕಿಕೊಂಡಿದೆಯೆಂದು ಕರೆ ಬಂದು, ಪಶುವೈದ್ಯೆಯಾದ ನನ್ನ ಮಗಳು ಅವಸರದಲ್ಲಿ ಹೊರಟಿದ್ದಳು. ಗುಡಿಗೆಂದು ಜೊತೆಗೆ ಬಂದಿದ್ದ ನಾನು ಹಿಂದೆ ಕೂತಿದ್ದೆ.

“ಯಾರನ್ನರ ಕೇಳ್ಕೋತ ಹೋಗೂಣವ್ವ,” ಎಂದೆ.

“ಈ ಬಿಸಲಾಗ ಯಾರ ಸಿಗ್ತಾರ ಯವ್ವಾ? ನೀ ಬ್ಯಾಡಂದ ಡಬ್ಬಿ ಚೀಲದಾಗ ಐತಿ, ತಗಿ. ನಾ ಹೋದ ಹೊಲಾ ಎಲ್ಲಾ ಅದರಾಗ ಗುರುತು ಹಾಕೀನಿ.”

ಡಬ್ಬಿಯೆಂದರೆ ಬೈಕಿಗೆಂದೇ ಅವಳು ತಂದಿದ್ದ ಜಿಪಿಎಸ್. ಫೋನಿರುವಾಗ ಅದೇಕೆ ಎಂದು ಮುಂಜಾನೆಯಷ್ಟೇ ಬಿಚ್ಚಿಸಿದವಳು ನಾನು. ಪ್ರತಿ ಸೋಮವಾರ ಅದಕ್ಕೆ ವಿಭೂತಿ ಬಳಿಯುವವಳೂ ನಾನೇ.

“ದಾರಿ ಮ್ಯಾಲೇ ಬಳದೀಯಲ್ಲ,” ಎಂದು ನಗುತ್ತ ಪರದೆ ಒರೆಸಿ, ಕೈಗವಸು ಬಿಚ್ಚದೆಯೇ ಆ ಹೊಲದ ಗುರುತನ್ನು ಒತ್ತಿದಳು. ಕಾಲುವೆ ದಂಡೆಗುಂಟ ಅದು ನಮ್ಮನ್ನು ನೆಟ್ಟಗೆ ಹೊಲಕ್ಕೇ ಮುಟ್ಟಿಸಿತು. ಭುಜದವರೆಗೆ ಕೈ ಹಾಕಿ ಅವಳು ಕರುವನ್ನು ತಿರುಗಿಸಿ ಎಳೆದಳು. ಕರು ಉಸಿರಾಡಿತು.

“ನಿಮ್ಮ ಮಗಳೇನ್ರಿ?” ಎಂದು ಎಮ್ಮೆಯ ಒಡತಿ ಕೇಳಿದಳು.

“ಹೌದ್ರಿ, ನನ್ನ ಮಗಳೇ,” ಎಂದೆ, ಕೇಳಿದ್ದಕ್ಕಿಂತ ಜೋರಾಗಿ.

ದೇವರು ದೊಡ್ಡವನು. ಫೋನು ಈಗ ಬರೀ ಮಾತಿಗೆ. ದಿನಾ ಮುಂಜಾನೆ ಡಬ್ಬಿಯನ್ನು ಸೆರಗಿನಿಂದ ಒರೆಸಿ ನಾನೇ ಬೈಕಿಗೆ ಸಿಕ್ಕಿಸುತ್ತೇನೆ. ವಿಭೂತಿಯನ್ನು ಮಾತ್ರ ಅದರ ಬೆನ್ನಿಗೆ ಹಚ್ಚುತ್ತೇನೆ.