ಯಾನ್ಬುವಿನ ರೋಜು

ಉಳ್ಳಾಲದ ಪೊಡಿಯಬ್ಬ ೧೯೮೧ರಲ್ಲಿ ಸೌದಿಯ ಯಾನ್ಬುವಿನ ಜಪಾನೀ ಕಂಪನಿಗೆ ಸೇರಿದ್ದು ಚಹಾ ಕೊಡುವ ಕೆಲಸಕ್ಕೆ. ಅಕ್ಷರ ದುಂಡಗಿತ್ತು, ಗಡ್ಡ ಗಂಭೀರವಾಗಿತ್ತು. ಮೂರೇ ವರ್ಷಕ್ಕೆ ಗುಮಾಸ್ತನಾದ. ಕೆಲಸಗಾರರ ರಜೆ ಅರ್ಜಿಗಳಿಗೆ ದೊಡ್ಡ ಇಂಜಿನಿಯರ್ ಕುರೋಡಾರ ಸಹಿ ಹಾಕಿಸುವುದು ಅವನ ಪಾಲಿಗೆ ಬಂತು.

ಒಂದು ದಿನ ಕುರೋಡಾ ತಮ್ಮ ಪೂರ್ವಿಕರೊಬ್ಬರ ಕತೆ ತೆಗೆದರು. ಶೋಗುನ್ ಎಂಬ ಸೇನಾಧಿಪತಿಗಳು ಜಪಾನನ್ನು ಆಳುತ್ತಿದ್ದ ಕಾಲವಂತೆ. ಶೋಗುನನ ಹಿಂದೆ ಖಡ್ಗ ಹಿಡಿದು ನಿಲ್ಲುತ್ತಿದ್ದವನು ಏರುತ್ತ ಏರುತ್ತ 'ರೋಜು', ಅಂದರೆ ಹಿರಿಯ ಮಂತ್ರಿಯಾದನಂತೆ. ಅವನ ಕೈ ದಾಟದೆ ಒಂದು ಅರ್ಜಿಯೂ ಒಳಗೆ ಹೋಗುತ್ತಿರಲಿಲ್ಲ. ಅದೂ ಗೊತ್ತುಮಾಡಿದ ದಿನ ಮಾತ್ರ.

"ಆಮೇಲೆ..." ಎಂದು ಕುರೋಡಾ ಮುಂದುವರಿಸುವಷ್ಟರಲ್ಲಿ ಪೊಡಿಯಬ್ಬ ಲೋಟ ಎತ್ತಿಕೊಂಡು ಹೊರಟಾಗಿತ್ತು. ಅವನಿಗೆ ಬೇಕಾದಷ್ಟು ಸಿಕ್ಕಿತ್ತು.

ಮರುದಿನವೇ ಅವನ ಮೇಜು ಕುರೋಡಾರ ಬಾಗಿಲಿಗೆ ಅಡ್ಡ ಬಂತು. ಅರ್ಜಿಗಳಿಗೆ ಬುಧವಾರ ನಿಗದಿಯಾಯಿತು. ಎಲ್ಲವನ್ನೂ ಹಸಿರು ಬಟ್ಟೆಯಲ್ಲಿ ಕಟ್ಟಿ, ಎರಡೂ ಕೈಯಲ್ಲಿ ಹಿಡಿದು, ಸೊಂಟ ಬಗ್ಗಿಸಿ ಒಳಗೆ ಹೋಗುತ್ತಿದ್ದ. ಇವನಿಗೆ ಬೆನ್ನುನೋವಿರಬೇಕು ಎಂದುಕೊಂಡು ಕುರೋಡಾ ಒಂದು ಮುಲಾಮು ಕೊಟ್ಟರು.

೧೯೮೬ರ ಒಂದು ಶನಿವಾರ ವೆಲ್ಡರ್ ಯಹ್ಯಾ ಬಂದ. ಅವನೂ ಉಳ್ಳಾಲದವನೇ.

"ಪೊಡಿಯಬ್ಬಾಕ, ನಾಳೆಯದ್ದಲ್ಲ, ಅದರಾಚೆ ಆದಿತ್ಯವಾರ ಸಫಿಯತಳ ನಿಕಾಹ್. ಮದುಮಗನ ಕೈ ಹಿಡಿದು 'ಮಗಳನ್ನು ಕೊಟ್ಟೆ' ಅಂತ ಹೇಳ್ಬೇಕಾದವ ನಾನು. ಇವತ್ತೇ ಸಹಿ ಮಾಡಿಸಿಕೊಡಿ."

"ಬುಧವಾರ."

"ಎಂತ ಬುಧವಾರ ಮಾರಾಯ್ರೆ! ಸಾಹೇಬ್ರು ಒಳಗೆ ಕೂತು ಕಡ್ಲೆ ತಿನ್ತಾ ಇದ್ದಾರೆ!"

"ಕ್ರಮ ಅಂತ ಒಂದು ಉಂಟು ಯಹ್ಯಾ. ಜಪಾನಿನಲ್ಲಿ ಇದಕ್ಕೆ ಎಷ್ಟು ಮರ್ಯಾದೆ ಗೊತ್ತುಂಟಾ ನಿಂಗೆ?"

"ನಾವು ಉಳ್ಳಾಲದವ್ರಲ್ವಾ?"

ಬುಧವಾರ ಕುರೋಡಾ ಅರ್ಧ ನಿಮಿಷದಲ್ಲಿ ಸಹಿ ಹಾಕಿದರು. ಗುರುವಾರ, ಶುಕ್ರವಾರ ಸರಕಾರಿ ಕಚೇರಿಗಳಿಗೆ ರಜೆ. ದೇಶ ಬಿಡಲು ಬೇಕಾದ ಸರಕಾರಿ ಮೊಹರು ಪಾಸ್‌ಪೋರ್ಟಿಗೆ ಬಿದ್ದದ್ದು ಶನಿವಾರ ಮಧ್ಯಾಹ್ನ. ಅಷ್ಟರಲ್ಲಿ ಜಿದ್ದಾದಿಂದ ಬೊಂಬಾಯಿಯ ವಿಮಾನ ಹೋಗಿಯಾಗಿತ್ತು. ಯಹ್ಯಾ ಊರಿಗೆ ಹೋಗಲೇ ಇಲ್ಲ.

ಮೂರು ವಾರದ ಮೇಲೆ ಊರಿನಿಂದ ನಿಕಾಹಿನ ಕ್ಯಾಸೆಟ್ ಬಂತು. ಶುಕ್ರವಾರ ಜುಮಾ ಮುಗಿಸಿ ಯಹ್ಯಾನ ಕೋಣೆಯಲ್ಲಿ ಎಲ್ಲರೂ ಸೇರಿದರು. ಪೊಡಿಯಬ್ಬ ಹೊಸ್ತಿಲಲ್ಲೇ ನಿಂತ. "ಹುಡುಗಿಯ ತಂದೆ ಎಲ್ಲಿ?" ಎಂದು ಖಾಝಿಯವರ ದನಿ ಕೇಳಿತು. "ಸೌದಿಯಲ್ಲಿ. ರಜೆ ಸಿಗ್ಲಿಲ್ಲ," ಎಂದಿತು ಇನ್ನೊಂದು ದನಿ. ಆಮೇಲೆ 'ಕೊಟ್ಟೆ' ಎಂದದ್ದು ಯಹ್ಯಾನ ತಮ್ಮ. ಯಹ್ಯಾ ಟೇಪ್‌ರೆಕಾರ್ಡರಿನ ಸದ್ದು ತಗ್ಗಿಸಿದ.

ಮಾರನೇ ದಿನ ಪೊಡಿಯಬ್ಬ ಕುರೋಡಾರನ್ನು ಕೇಳಿದ: "ಆ ರೋಜು ಆಮೇಲೆ ಏನಾದ?"

"ಬರಗಾಲದ ಹಳ್ಳಿಯೊಂದರ ಅರ್ಜಿಯನ್ನು ತಡೆದಿಟ್ಟ. ಪದವಿ ಹೋಯಿತು. ಆಮೇಲೆ ಅವನ ಬಾಗಿಲಿಗೆ ಯಾರೂ ಬರಲಿಲ್ಲ. ಅವತ್ತೇ ಹೇಳುವವನಿದ್ದೆ, ನೀನು ಲೋಟ ತೊಳೆಯಲು ಹೋದೆ."

ಅಂದಿನಿಂದ ಪೊಡಿಯಬ್ಬ ಅರ್ಜಿ ಕೈಗೆ ಬಿದ್ದೊಡನೆ ಓಡತೊಡಗಿದ. ಕುರೋಡಾ ಬಾಯಲ್ಲಿ ಮೀನಿನ ಮುಳ್ಳಿಟ್ಟುಕೊಂಡೇ ಸಹಿ ಹಾಕಿದ್ದುಂಟು. ಹಸಿರು ಬಟ್ಟೆ ಮೇಜು ಒರೆಸುವುದಕ್ಕಾಯಿತು.

ಎರಡು ವರ್ಷದ ಮೇಲೆ ಯಹ್ಯಾ ಮೊಮ್ಮಗಳನ್ನು ನೋಡಲು ರಜೆ ಅರ್ಜಿ ಬರೆದುಕೊಂಡು ಬಂದ. ಪೊಡಿಯಬ್ಬ ಎದ್ದು ಎರಡೂ ಕೈ ಚಾಚಿದ.

"ಸಾಹೇಬ್ರು ಒಳಗಿದ್ದಾರಲ್ಲ?" ಎಂದ ಯಹ್ಯಾ. ಕಾಗದ ಅವನ ಕೈಯಲ್ಲೇ ಇತ್ತು.

ಪೊಡಿಯಬ್ಬ ಮೇಜನ್ನು ಪಕ್ಕಕ್ಕೆ ಸರಿಸಿ, ಬಾಗಿಲು ತೆರೆದು ಹಿಡಿದ.