ಸೋತವರ ಮನೆಯ ಊಟ

ಆಟದ ದಿನ ಸುಂದರ್ ಸರ್ ಊಟ ಮಾಡುತ್ತಿದ್ದುದು ಸೋತವರ ಮನೆಯಲ್ಲಿ. ಕಬಡ್ಡಿಗೆ ಸೀಟಿ ಊದುವ ಮುನ್ನ ಯಾರ ಚಹಾವನ್ನೂ ಮುಟ್ಟುತ್ತಿರಲಿಲ್ಲ. ಫೈನಲ್ ಮುಗಿಯಿತೆಂದರೆ ಸೋತ ಹುಡುಗನೊಬ್ಬನ ಅಂಗಳದಲ್ಲಿ ಬೈಕು ನಿಲ್ಲಿಸಿ, ಕರೆಯದಿದ್ದರೂ ಒಳಗೆ ಬಂದು ಕೂಡುತ್ತಿದ್ದರು. "ಗೆದ್ದವ್ರಿಗಿ ಹಾರ ಹಾಕ್ಲಿಕ್ಕ ಊರೇ ಅದ. ಸೋತವ್ರ ಬೈಗುಳ ಕೇಳ್ಲಿಕ್ಕ ನಾ ಒಬ್ಬವ ಇರ್ತೇನಿ" ಎನ್ನುವರು.

ಮೊದಲು ಅವರು ಭಾಲ್ಕಿಯ ಖಾಸಗಿ ಶಾಲೆಯೊಂದರಲ್ಲಿ ಪಿ.ಟಿ. ಮಾಸ್ತರರು, ಭಾನುವಾರ ಮಾತ್ರ ರೆಫ್ರಿ. ಎರಡು ವರ್ಷದ ಹಿಂದೆ ಕೆಲಸ ಬಿಟ್ಟು, ಇನ್ನು ಸೀಟಿಯಿಂದಲೇ ಸಂಸಾರ ಎಂದರು. ಬೀದರಿನಲ್ಲಿ ನರ್ಸ್ ಆಗಿರುವ ಅವರ ಹೆಂಡತಿ ಶಾಂತಕ್ಕ ಜಗಳವಾಡಲಿಲ್ಲ, ಗಡುವು ಕೊಟ್ಟರು: "ಕ್ರಿಸ್‌ಮಸ್‌ತನಕ ಊದ್ರಿ. ಆಗ್ಲಿಲ್ಲಂದ್ರ ಸುಮ್ಮ ಸಾಲಿಗಿ ಹೋಗ್ರಿ."

ಅಕ್ಟೋಬರಿನಲ್ಲಿ ಔರಾದದ ಫೈನಲ್. ಊರವರ ಎದುರು ನಮ್ಮ ಖಟಕ ಚಿಂಚೋಳಿ ತಂಡ. ಕೊನೆಯ ರೇಡಿನಲ್ಲಿ, ಪಂದ್ಯ ಇಟ್ಟಿದ್ದ ಗುಂಡಪ್ಪನವರ ಮಗನ ಹಿಮ್ಮಡಿ ಗೆರೆಯಾಚೆ ಬಿತ್ತು. ಸರ್ ಔಟ್ ಕೊಟ್ಟರು. ಗುಂಡಪ್ಪ ಮೈದಾನಕ್ಕೇ ನುಗ್ಗಿದರು. "ನಮ್ಮ ಪೆಂಡಾಲ, ನಮ್ಮ ಲೈಟಿಂಗ್, ನಮ್ಮ ಹುಡುಗನೇ ಔಟೇನ್ರಿ ಮಾಸ್ತರ?"

"ಪೆಂಡಾಲ ನಿಮ್ದರಿ. ಗೆರಿ ನಿಮ್ದಲ್ಲ."

ಅಂದು ಸರ್ ಊಟಕ್ಕೆ ಹೋದದ್ದು ಗುಂಡಪ್ಪನವರ ಮನೆಗೇ. ಗುಂಡಪ್ಪ ಮುಖ ತಿರುಗಿಸಿ ಕೂತರಂತೆ. ಅವರ ತಾಯಿ ಮಾತ್ರ ನಗುತ್ತ ರೊಟ್ಟಿ ಬಡಿಸಿದರಂತೆ. ಕೈ ತೊಳೆದ ಮೇಲೆ ಸರ್ ಅಂಗಳದಲ್ಲಿ ಸುಣ್ಣದ ಗೆರೆ ಎಳೆದು, ತಿರುಗುವಾಗ ಹಿಮ್ಮಡಿ ಎತ್ತುವುದು ಹೇಗೆಂದು ಆ ಹುಡುಗನಿಗೆ ಕಲಿಸಿಯೇ ಹೊರಟರು.

ನವೆಂಬರಿನಲ್ಲಿ ಅವರನ್ನು ಒಬ್ಬರೂ ಕರೆಯಲಿಲ್ಲ. ಶಾಂತಕ್ಕ ಪಿ.ಟಿ. ಅಂಗಿಗೆ ಇಸ್ತ್ರಿ ಮಾಡಿಟ್ಟರು. ಕ್ರಿಸ್‌ಮಸ್ಸಿನ ವಾರ ಫೋನು ಬಂತು. ಗುಂಡಪ್ಪ.

"ಮಾಸ್ತರ, ಬ್ಯಾರೆ ರೆಫ್ರಿನ ಕರ್ಸಿದ್ವಿ. ನಮ್ಮ ಹುಡುಗ್ರು ಖರೇನ ಗೆದ್ರೂ ಒಬ್ರೂ ನಂಬವಲ್ರು. ಇನ್ನ ಮ್ಯಾಲೆ ನೀವೇ ಬರ್ಬೇಕ್ರಿ."

ಆ ಮಾತು ಸುತ್ತಲ ಊರಿಗೆಲ್ಲ ಹಬ್ಬಿತು. ಈಗ ಗಡಿಯಾಚೆಯ ಮಹಾರಾಷ್ಟ್ರದವರೂ ಅವರನ್ನೇ ಕರೆಯುತ್ತಾರೆ. ಬೀದರಿನ ಮನೆಗೆ ಹೋದರೆ ಸಿಗುವುದೇ ಇಲ್ಲ. "ಅವ್ರ ಮುಖ ನೋಡ್ಬೇಕಂದ್ರ ನಾನೂ ಒಂದು ಟೂರ್ನಮೆಂಟ್ ಇಡ್ಬೇಕಾಗ್ತದ" ಎಂದು ಶಾಂತಕ್ಕ ನಗುತ್ತಾರೆ.

ನಾನು ಅವರನ್ನು ಈಚೆಗೆ ಕಂಡದ್ದು ಈ ಫೆಬ್ರುವರಿಯಲ್ಲಿ, ನಮ್ಮೂರ ಫೈನಲ್‌ನಲ್ಲಿ. ಕೊನೆಯ ರೇಡಿಗೆ ಹೋದವನು ನಾನೇ. ಔಟ್ ಕೊಟ್ಟವರು ಅವರೇ. ಮನೆಗೆ ಬಂದು ಕಾಲು ತೊಳೆಯುತ್ತಿದ್ದೆ. ಅವ್ವನಿಗೆ ಇನ್ನೂ ಏನೂ ಹೇಳಿರಲಿಲ್ಲ. ಅಷ್ಟರಲ್ಲಿ ಅಂಗಳದಲ್ಲಿ ಬೈಕು ನಿಂತ ಸದ್ದು.

"ಸೋತ್ರೇನೋ?" ಎನ್ನುತ್ತ ಅವ್ವ ಇನ್ನೊಂದು ತಾಟು ಇಟ್ಟಳು.