ಅರ್ಧ ವಾಟ್ ಸೆಟ್ಟು, ಮೂರನೇ ಜೀಪು

ಬೆಳಿಗ್ಗೆ ಆರೂಕಾಲಿಗೆ ಚಿತ್ರದುರ್ಗ ಬಿಟ್ಟೆವು. ಮೂರು ಜೀಪು, ನಾಲ್ಕು ಜನ, ತಲೆಗೊಂದು ವಾಕಿಟಾಕಿ. ಹಿರಿಯೂರು, ಮಾರಿಕಣಿವೆ, ಹೊಸದುರ್ಗ, ಹೊಳಲ್ಕೆರೆ ಸುತ್ತಿ ಸಂಜೆಯೊಳಗೆ ವಾಪಸ್ಸು ಬರುವ ಲೆಕ್ಕ. ನಮ್ಮ ಜೀಪ್ ಕ್ಲಬ್ಬಿನವರು ಇದೇ ದಾರಿಯಲ್ಲಿ ಇಪ್ಪತ್ತು ಗಾಡಿ ಕಟ್ಟಿಕೊಂಡು ಹೋಗುವವರಿದ್ದರು. ಅದಕ್ಕೆ ಮುಂಚೆ ವಾಕಿಟಾಕಿ ಎಲ್ಲಿ ಕೇಳಿಸುತ್ತದೆ, ಎಲ್ಲಿ ಕೈಕೊಡುತ್ತದೆ ಎಂದು ನೋಡಿ ಬರುವ ಕೆಲಸ ನಮ್ಮದು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳೆಂದು ಅದನ್ನು ನನ್ನ ಕೊರಳಿಗೆ ಕಟ್ಟಿದ್ದರು. ನಾನೋ ಹುಟ್ಟಾ ಪುಕ್ಕಲಿ. ಲಿಫ್ಟು ಹತ್ತುವಾಗಲೂ ದೇವರ ಹೆಸರು ಹೇಳುವವಳು.

ಹೊರಡುವಾಗಲೇ ನಮ್ಮ ಮನೆಯವರ ಜೊತೆ ಜಗಳವಾಯಿತು. ಅವರ ಹೆಸರು ರುದ್ರಪ್ಪ, ವಯಸ್ಸು ಅರವತ್ತನಾಲ್ಕು, ಜೀಪಿನ ಹುಚ್ಚು ಇಪ್ಪತ್ತರದು. ನನಗೆ ಹೇಳದೆ ಇಂಟರ್‌ನೆಟ್ಟಿನಲ್ಲಿ ಐದು ವಾಟಿನ ದೊಡ್ಡ ಸೆಟ್ಟೊಂದನ್ನು ತರಿಸಿಕೊಂಡಿದ್ದರು.

"ಇದಕ್ಕೆ ಲೈಸೆನ್ಸ್ ಎಲ್ಲೈತ್ರೀ?" ಎಂದೆ.

"ಮಾರೋನೇ ಕೇಳಲಿಲ್ಲ, ನೀ ಯಾಕೆ ಕೇಳ್ತೀಯೇ?"

ಗುಂಡಿ ತಿರುಗಿಸಿ ಕಿವಿಗಿಟ್ಟುಕೊಂಡೆ. ಯಾರೋ ಗಂಡಸು, "ಹಿಂದಿನ ಗೇಟ್ ತೆಗೀರಿ, ಆಂಬುಲೆನ್ಸ್ ಬರ್ತೈತೆ" ಎನ್ನುತ್ತಿದ್ದ. ಯಾವ ಆಸ್ಪತ್ರೆಯದೋ, ಯಾವ ಕಾರ್ಖಾನೆಯದೋ. "ಕೇಳಿದ್ರಾ? ಇದು ಯಾರದೋ ಮನೆ. ನಾವು ನಡುವೆ ಬಾಯಿ ಹಾಕಿದ್ರೆ ಆ ಗೇಟು ಯಾರು ತೆಗೀತಾರೆ?" ಎಂದು ಸೆಟ್ಟನ್ನು ಕಸಿದು ನನ್ನ ಚೀಲಕ್ಕೆ ಹಾಕಿಕೊಂಡೆ. ಅವರು ಮುಖ ಊದಿಸಿಕೊಂಡು ಮೂರನೇ ಜೀಪು ಹತ್ತಿದರು.

ನಮ್ಮ ಕ್ಲಬ್ಬಿನಲ್ಲಿ ಇದೇ ದೊಡ್ಡ ರಗಳೆ. ಕಾನೂನಿನ ಪ್ರಕಾರ ಲೈಸೆನ್ಸ್ ಇಲ್ಲದೆ ಬಳಸಬಹುದಾದದ್ದು ನಾನೂರ ನಲವತ್ತಾರು ಮೆಗಾಹರ್ಟ್ಸ್‌ನ ಪುಟ್ಟ ಪಟ್ಟಿ. ಶಕ್ತಿ ಅರ್ಧ ವಾಟ್, ಏರಿಯಲ್ ಬಿಚ್ಚಲು ಬರಬಾರದು. ಅದಕ್ಕಿಂತ ದೊಡ್ಡದು ಬೇಕಾದರೆ ದಿಲ್ಲಿಗೆ ಅರ್ಜಿ ಹಾಕಿ ನಮ್ಮದೇ ಚಾನೆಲ್ ಪಡೆಯಬೇಕು. ಅರ್ಜಿ ಹಾಕಿದ್ದೇವೆ, ಉತ್ತರ ಬಂದಿಲ್ಲ. ಅಲ್ಲಿಯವರೆಗೆ ಅರ್ಧ ವಾಟೇ ಗತಿ. ಬಯಲಿನಲ್ಲಿ ಅದು ಎರಡು ಮೂರು ಕಿಲೋಮೀಟರ್ ಕೇಳುತ್ತದೆ, ಗುಡ್ಡ ಅಡ್ಡ ಬಂದರೆ ಮೂಕ.

ಅದಕ್ಕೆ ನಾನೊಂದು ಪದ್ಧತಿ ಮಾಡಿದ್ದೆ. ಪ್ರತಿ ತಿರುವಿನಲ್ಲಿ ನಾನು ಮುಂದಿನ ಜೀಪಿನಿಂದ ಹಾಜರಿ ಕೂಗುವುದು, ಹಿಂದಿನವರು ತಮ್ಮ ಗಾಡಿಯ ನಂಬರು ಹೇಳುವುದು. ಹಿಂದಿನ ಗಾಡಿಯ ದನಿ ನನಗೆ ಮುಟ್ಟದಿದ್ದರೆ ನಡುವಿನವರು ಅವರ ಪರವಾಗಿ ಹೇಳುವುದು. ಎಕ್ಸ್‌ಚೇಂಜಿನಲ್ಲೂ ಹೀಗೇ ಊರಿಂದೂರಿಗೆ ಲೈನ್ ದಾಟಿಸುತ್ತಿದ್ದೆವು. ಬಹಳ ಜಾಣೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಮೊದಲ ಜೀಪನ್ನು ಓಡಿಸಿದ್ದು ಬಸವರಾಜು, ಹೈಸ್ಕೂಲ್ ಮೇಷ್ಟ್ರು, ಮಾತು ಕಡಿಮೆ. ಎರಡನೆಯದು ತಿಪ್ಪೇಸ್ವಾಮಿಯದು. ದುರ್ಗದಲ್ಲಿ ಟೈರ್ ಅಂಗಡಿ ಇಟ್ಟಿದ್ದಾನೆ, ಇಲ್ಲ ಎನ್ನುವ ಮಾತೇ ಬಾಯಲ್ಲಿ ಬಾರದ ಒಳ್ಳೆಯ ಹುಡುಗ. ಹುಡುಗ ಎಂದರೆ ಮೂವತ್ತೆಂಟು.

ನಲವತ್ತು ಕಿಲೋಮೀಟರ್ ಹೆದ್ದಾರಿ, ಒಂದು ಟೋಲು, ಆಮೇಲೆ ಹಿರಿಯೂರು. ಇಡ್ಲಿ ವಡೆ ತಿಂದು ಹೊರಗೆ ಬಂದರೆ ಜೀಪಿನ ಹತ್ತಿರ ಪೊಲೀಸಿನವರೊಬ್ಬರು ನಿಂತಿದ್ದರು. ಡ್ಯಾಶ್‌ಬೋರ್ಡಿನ ಮೇಲಿದ್ದ ಸೆಟ್ಟು ನೋಡಿ, "ಯಾರ್ರೀ ನೀವು? ಯಾವ ಇಲಾಖೆ?" ಎಂದರು. ಕೈಯಲ್ಲಿದ್ದ ಸೆಟ್ಟಿಗೆ ಲೈಸೆನ್ಸ್ ಬೇಕಿಲ್ಲವೆಂಬ ಕಾಗದವಿತ್ತು, ಹೆಗಲ ಚೀಲದಲ್ಲಿದ್ದದ್ದಕ್ಕೆ ಏನೂ ಇರಲಿಲ್ಲ. ಕಾಗದ ಕೊಟ್ಟೆ. ಓದಿದರು, ತಿರುಗಿಸಿದರು, ಮತ್ತೆ ಓದಿದರು.

"ಇದು ಸರಿ ಐತೆ. ದೊಡ್ಡವು ಇಟ್ಕಂಡಿಲ್ಲ ತಾನೆ? ಹೋದ ವಾರ ಒಬ್ಬ ಸಿಕ್ಕಿದ್ದ."

"ಇಲ್ರೀ ಸಾರ್" ಎಂದು ಬಸವರಾಜು ಹೇಳಿದ. ಪಾಪ, ಅವನಿಗೆ ಗೊತ್ತಿರಲಿಲ್ಲ. ನಾನು ಚೀಲವನ್ನು ಹೊಟ್ಟೆಗವಚಿಕೊಂಡು ನಿಂತಿದ್ದೆ.

ಮಾರಿಕಣಿವೆಯ ಕಟ್ಟೆಯ ಮೇಲೆ ಸೆಟ್ಟು ಚೆನ್ನಾಗಿ ಕೇಳಿತು, ಹಿನ್ನೀರಿನ ಪಕ್ಕದಲ್ಲೂ ಕೇಳಿತು. ಮನೆಯವರು ಪ್ರತಿ ಸಲವೂ "ಮೂರು" ಎಂದಷ್ಟೇ ಹೇಳಿ ಬಾಯಿ ಮುಚ್ಚುತ್ತಿದ್ದರು. ಸಿಟ್ಟು ಇಳಿದಿರಲಿಲ್ಲ. ಹೊಸದುರ್ಗದ ಕಡೆಯ ಗಾಳಿಯಂತ್ರದ ಗುಡ್ಡಗಳ ಬುಡಕ್ಕೆ ಬಂದಾಗ ಹನ್ನೆರಡೂಕಾಲು. ಇನ್ನು ಹತ್ತು ನಿಮಿಷದ ದಾರಿ, ಗುಡ್ಡದಾಚೆಯ ಬೇವಿನ ಮರದ ಕೆಳಗೆ ಊಟ ಎಂದು ಮಾತಾಗಿತ್ತು.

"ರೀ, ಸೂಜಿ ಹಾಕ್ಕಂಡ್ರಾ?" ಎಂದು ಸೆಟ್ಟಿನಲ್ಲೇ ಕೇಳಿದೆ. ಅವರಿಗೆ ಸಕ್ಕರೆ ಕಾಯಿಲೆ, ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿಕೊಳ್ಳಬೇಕು.

"ಹಾಕ್ಕಂಡೆ, ಹಾಕ್ಕಂಡೆ."

ಬುತ್ತಿಯ ಚೀಲ ನನ್ನ ಕಾಲಬಳಿ ಇತ್ತು.

ಗುಡ್ಡದ ಮೇಲೆ ಗಾಳಿಯಂತ್ರಕ್ಕೊಂದು ಮಣ್ಣುರಸ್ತೆ, ಒಂದರ ಹಾಗೇ ಇನ್ನೊಂದು. ಎರಡು ಕವಲು ದಾಟಿದ ಮೇಲೆ ಹಾಜರಿ ಕೂಗಿದೆ. "ಎರಡು" ಎಂದ ತಿಪ್ಪೇಸ್ವಾಮಿ. ಮೂರು ಕೇಳಲಿಲ್ಲ. ಮರುಕ್ಷಣವೇ ಅವನೇ ಹೇಳಿದ: "ಮೂರೂ ಐತೆ ಗಿರಿಜಕ್ಕಾ. ಹಿಂದೇ ಬರ್ತಾ ಅವ್ರೆ."

ಬೇವಿನ ಮರದ ಕೆಳಗೆ ಎರಡು ಜೀಪು ಬಂದು ನಿಂತವು. ಮೂರನೆಯದು ಬರಲಿಲ್ಲ. ದಾರಿಯಲ್ಲಿ ಧೂಳೆದ್ದಿತು, ಬಂದರು ಎಂದು ಬುತ್ತಿ ಬಿಚ್ಚಿದೆ. ಧೂಳಿನೊಳಗಿಂದ ಬಂದದ್ದು ಕುರಿಮಂದೆ, ಹಿಂದೆ ಕಂಬಳಿ ಹೊದ್ದ ಕುರಿಗಾಹಿ.

ತಿಪ್ಪೇಸ್ವಾಮಿಯ ಮುಖ ಬಿಳುಚಿತು. "ಅಕ್ಕಾ, ನಾನು ಧೂಳು ನೋಡಿ ಹೇಳ್ಬಿಟ್ಟೆ. ರುದ್ರಪ್ಪಣ್ಣಾರೇ ಅನ್ಕಂಡೆ."

"ಜೀಪು ಯಾವ್ದೂ ನಮ್ಮ ಹಿಂದೆ ಬರ್ಲಿಲ್ರವ್ವಾ" ಎಂದ ಕುರಿಗಾಹಿ.

ಗಡಿಯಾರ ಹನ್ನೆರಡೂ ನಲವತ್ತು. ಸೂಜಿ ಚುಚ್ಚಿಕೊಂಡು ಇಪ್ಪತ್ತೈದು ನಿಮಿಷ. ಹೊಟ್ಟೆಗೆ ಏನೂ ಬೀಳದಿದ್ದರೆ ಮೊದಲು ಬೆವರು, ಆಮೇಲೆ ನಡುಕ, ಆಮೇಲೆ ಮಾತು ತೊದಲುವುದು, ಆಮೇಲೆ ಎಚ್ಚರ ತಪ್ಪುವುದು. ಒಮ್ಮೆ ಮನೆಯಲ್ಲೇ ಆಗಿತ್ತು, ನೋಡಿದ್ದೇನೆ. ಜೇಬಿನಲ್ಲಿ ಪೆಪ್ಪರ್‌ಮೆಂಟು ಇಟ್ಟುಕೊಳ್ಳುತ್ತಿದ್ದರು. ಆದರೆ ಅವತ್ತು ಹಾಕಿಕೊಂಡು ಬಂದದ್ದು ಹೊಸ ಪ್ಯಾಂಟು. ಫೋನ್ ಮಾಡಿದರೆ ವ್ಯಾಪ್ತಿ ಪ್ರದೇಶದ ಹೊರಗೆ. "ಮೂರು, ಮೂರು, ಕೇಳ್ತೈತಾ?" ಎಂದು ಕೂಗಿ ಕೂಗಿ ಗಂಟಲು ಒಣಗಿತು. ಸೆಟ್ಟಿನಲ್ಲಿ ಬರೀ ಸುಯ್ ಸದ್ದು.

ಬಸವರಾಜು ಒಂದು ಕವಲಿಗೆ, ತಿಪ್ಪೇಸ್ವಾಮಿ ಇನ್ನೊಂದಕ್ಕೆ ಜೀಪು ಓಡಿಸಿದರು. ಒಬ್ಬೊಬ್ಬರ ಕೈಗೂ ಬಾಳೆಹಣ್ಣು, ಬೆಲ್ಲದ ಉಂಡೆ ಕೊಟ್ಟು ಕಳಿಸಿದೆ. ನಾನೂ ಕುರಿಗಾಹಿಯೂ ಇಬ್ಬರೇ ಉಳಿದಾಗ ಚೀಲದಿಂದ ಆ ದೊಡ್ಡ ಸೆಟ್ಟನ್ನು ತೆಗೆದೆ. ಕಾನೂನು ಹಾಳಾಗಲಿ, ಗಂಡನ ಜೀವ ದೊಡ್ಡದು. ನಮ್ಮ ಚಾನೆಲ್ಲಿಗೇ ತಿರುಗಿಸಿ ಒತ್ತಿ ಕೂಗಿದೆ. ಉತ್ತರವಿಲ್ಲ. ಆಗ ಹೊಳೆಯಿತು: ನನ್ನ ಐದು ವಾಟು ಅವರಿಗೆ ಮುಟ್ಟಿದರೂ ಅವರ ಅರ್ಧ ವಾಟು ನನಗೆ ಮುಟ್ಟುವುದಿಲ್ಲ. ನಾನು ಹೇಳುವುದು ಏನಿತ್ತು? ನನಗೆ ಬೇಕಾಗಿದ್ದದ್ದು ಕೇಳುವುದು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರಲ್ಲ, ಒಬ್ಬರ ಪರವಾಗಿ ಇನ್ನೊಬ್ಬರು ಹೇಳುವ ನನ್ನ ಪದ್ಧತಿ ನನಗೇ ಸುತ್ತಿಕೊಂಡಿತ್ತು. ಅಯ್ಯೋ ಶಿವನೇ ಎಂದು ಅಳುತ್ತಾ ಕೂತೆ.

"ಅಳಬ್ಯಾಡ್ರವ್ವಾ" ಎಂದ ಕುರಿಗಾಹಿ. "ತಗ್ಗಿನಾಗೆ ಕೂಗಿದ್ರೆ ತಗ್ಗಿನಾಗೇ ಸಾಯ್ತೈತೆ ಮಾತು. ನಾವು ಕುರಿ ತಪ್ಪಿದ್ರೆ ನೆತ್ತಿ ಹತ್ತಿ ಕೂಗ್ತೀವಿ. ಬರ್ರಿ, ಕೈ ಹಿಡ್ಕಳ್ರಿ."

ಚಪ್ಪಲಿ ಬಿಟ್ಟು ಹತ್ತಿದೆ. ಕಲ್ಲು ಜಾರುತ್ತಿತ್ತು, ಕೆಳಗೆ ನೋಡಿದರೆ ತಲೆ ಗಿರ್ರೆನ್ನುತ್ತಿತ್ತು. ಬಿದ್ದರೆ ಬೀಳುತ್ತೇನೆ ಎಂದು ನೋಡುವುದನ್ನೇ ಬಿಟ್ಟೆ. ನೆತ್ತಿಯ ಮೇಲೆ ಗಾಳಿ ನನ್ನನ್ನು ತಳ್ಳುತ್ತಿತ್ತು. ಚಿಕ್ಕ ಸೆಟ್ಟನ್ನು ಬಾಯಿಗಿಡುವ ಮೊದಲೇ ಅದು ಮಾತಾಡಿತು.

"...ಮೂರು... ಮೂರು... ಮೂರು..."

ಯಾವಾಗಿನಿಂದ ಹೇಳುತ್ತಿದ್ದರೋ. ನಾಲಿಗೆ ದಪ್ಪವಾಗಿತ್ತು.

"ರೀ, ಎಲ್ಲಿದ್ದೀರ್ರೀ?"

"ಗಾಡಿ ಕೊರಕಲಿಗೆ ಇಳಿದೈತೆ. ಕಾಲು ನಡುಗ್ತೈತೆ ಕಣೇ."

"ಸುತ್ತ ಏನು ಕಾಣ್ತೈತೆ ಹೇಳ್ರಿ."

ಬಹಳ ಹೊತ್ತಾದ ಮೇಲೆ ಹೇಳಿದರು: "ಫ್ಯಾನು. ನಿಂತೈತೆ. ತಿರುಗ್ತಿಲ್ಲ."

ಸುತ್ತ ನೋಡಿದೆ. ಕಣ್ಣಳತೆಯಲ್ಲಿ ಹದಿನೈದಿಪ್ಪತ್ತು ಗಾಳಿಯಂತ್ರ, ಎಲ್ಲವೂ ತಿರುಗುತ್ತಿದ್ದವು. ಪಡುವಣದ ಇಳಿಜಾರಿನಲ್ಲಿ ಒಂದೇ ಒಂದು ನಿಂತಿತ್ತು. "ಬಸವರಾಜು, ತಿಪ್ಪೇಸ್ವಾಮಿ, ಇಬ್ಬರೂ ಪಡುವಣಕ್ಕೆ ತಿರುಗ್ರಿ. ನಿಂತಿರೋ ಫ್ಯಾನಿನ ಬುಡ." ಇಬ್ಬರಿಗೂ ಕೇಳಿತು. ಕೆಳಗಿದ್ದ ಮೂವರಿಗೂ ಒಬ್ಬರ ದನಿ ಒಬ್ಬರಿಗೆ ಮುಟ್ಟುತ್ತಿರಲಿಲ್ಲ, ನನಗೆ ಮಾತ್ರ ಎಲ್ಲರದೂ ಮುಟ್ಟುತ್ತಿತ್ತು. ಹಾಗಾಗಿ ನಾನು ಇಳಿದು ಓಡುವ ಹಾಗಿರಲಿಲ್ಲ. ಗಂಡ ಅಲ್ಲಿ ಬಿದ್ದಿದ್ದಾರೆ, ನಾನಿಲ್ಲಿ ಬಂಡೆಯ ಮೇಲೆ ನಿಂತು ಎಡಕ್ಕೆ, ಬಲಕ್ಕೆ ಎನ್ನಬೇಕು. ನಡುನಡುವೆ "ಮೂರು?" ಎಂದು ಕೇಳುತ್ತಿದ್ದೆ. ಎರಡು ಸಲ ಉತ್ತರ ಬಂತು. ಮೂರನೇ ಸಲ ಬರಲಿಲ್ಲ.

ಆ ಹತ್ತು ನಿಮಿಷವನ್ನು ನಾನು ಬರೆಯಲಾರೆ. ಕುರಿಗಾಹಿ ನನ್ನ ಸೆರಗು ಹಿಡಿದುಕೊಂಡು ನಿಂತಿದ್ದ, ಗಾಳಿಗೆ ಬೀಳುತ್ತೇನೆಂದು.

ಆಮೇಲೆ ತಿಪ್ಪೇಸ್ವಾಮಿಯ ದನಿ: "ಗಿರಿಜಕ್ಕಾ, ಸಿಕ್ಕಿದ್ರು. ಮೂರು ಐತೆ."

ನನಗೆ ಮೈ ಉರಿಯಿತು. "ನೀನು ಹೇಳಬ್ಯಾಡ ತಿಪ್ಪೇಸ್ವಾಮಿ! ಅವರ ಕೈಗೆ ಕೊಡು. ಅವರೇ ಹೇಳಲಿ."

"ಬೆಲ್ಲ ತಿನ್ನಿಸ್ತಾ ಇದ್ದೀವಕ್ಕಾ, ಒಂದು ನಿಮಿಷ."

ಒಂದಲ್ಲ, ಆರು ನಿಮಿಷವಾಯಿತು. ಆಮೇಲೆ ಸೆಟ್ಟು ಕರಕರ ಎಂದಿತು.

"ಮೂರು. ನಾನೇ ಕಣೇ."

ನಾನು ಸೆಟ್ಟನ್ನು ಕಣ್ಣಿಗೊತ್ತಿಕೊಂಡೆ. ಕುರಿಗಾಹಿ, "ಅಗೋ, ತಪ್ಪಿದ್ದು ಸಿಕ್ತಲ್ರವ್ವಾ" ಎಂದು ನಕ್ಕು ಬೀಡಿ ಹಚ್ಚಿದ.

ಹೊಳಲ್ಕೆರೆ ಆಸ್ಪತ್ರೆಯಲ್ಲಿ ರಕ್ತ ನೋಡಿ, ಬಾಟಲಿ ಹಾಕಿ, ಎರಡು ಗಂಟೆ ಮಲಗಿಸಿ ಬಿಟ್ಟರು. ಕೊರಕಲಿಗಿಳಿದ ಜೀಪನ್ನು ತಿಪ್ಪೇಸ್ವಾಮಿಯ ಅಂಗಡಿಯ ಹುಡುಗರು ಬಂದು ಮೇಲೆಳೆದು ಓಡಿಸಿಕೊಂಡು ಬಂದರು. ಬಸ್‌ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆವು. ತಿಪ್ಪೇಸ್ವಾಮಿ ಮಾತ್ರ ಮುಟ್ಟಲಿಲ್ಲ. "ತಿನ್ನಪ್ಪ" ಎಂದೆ. "ತಪ್ಪು ನಿಂದಲ್ಲ. ಇನ್ನೊಬ್ಬರ ಪರವಾಗಿ ಹೇಳು ಅಂತ ಕಲಿಸಿದವಳು ನಾನು."

ದುರ್ಗ ಮುಟ್ಟಿದಾಗ ಕೋಟೆಯ ಮೇಲೆ ಇನ್ನೂ ಸ್ವಲ್ಪ ಬೆಳಕಿತ್ತು. ಮೂರು ಜೀಪೂ ನಮ್ಮ ಮನೆಯ ಮುಂದೆ ಸಾಲಾಗಿ ನಿಂತವು. ಮನೆಯವರು ನನ್ನಿಂದ ನಾಲ್ಕು ಮಾರು ದೂರದಲ್ಲಿ, ಬಸವರಾಜುವಿನ ಹೆಗಲಿಗೆ ಒರಗಿ ನಿಂತು, ಗೇಟಿನ ಬೀಗ ತೆಗೆಯುತ್ತಿದ್ದರು. ಎಲ್ಲರೂ ಕಣ್ಣೆದುರಿಗೇ ಇದ್ದರು. ಆದರೂ ಸೆಟ್ಟು ಬಾಯಿಗಿಟ್ಟು ಕೊನೆಯ ಹಾಜರಿ ಕೂಗಿದೆ.

"ಎರಡು" ಎಂದ ತಿಪ್ಪೇಸ್ವಾಮಿ. ಮುಂದೆ ಏನೋ ಹೇಳಲು ಹೋಗಿ ಬಾಯಿ ಮುಚ್ಚಿಕೊಂಡ.

ಎಲ್ಲರೂ ಕಾದೆವು. ಮನೆಯವರು ಬೀಗವನ್ನು ಬಿಟ್ಟು, ಜೇಬಿನಿಂದ ಸೆಟ್ಟು ತೆಗೆದು, ನನ್ನ ಮುಖ ನೋಡಿಕೊಂಡೇ ಗುಂಡಿ ಒತ್ತಿದರು.